ಮುಂಬಯಿಯ ಖೋಲಿಗೆ ಗಾಳಿ ಬಂದ ಕಥೆ

ರಾಜ್ಯೋತ್ಸವದ ಸಂಚಿಕೆಯೆಂದ ಮೇಲೆ ಕದಂಬರಿಂದ ಮೊದಲುಗೊಂಡು ಏಕೀಕರಣದವರೆಗಿನ ಚರಿತ್ರೆಯನ್ನು ಯಾರಾದರೊಬ್ಬರು ಬರೆದೇ ಬರೆಯುತ್ತಾರೆ. ಆ ಕೆಲಸವನ್ನು ಬಲ್ಲವರಿಗೆ ಬಿಟ್ಟು, ನಾವು ಈ ಸಲ ನಮ್ಮ ತಲೆಯ ಮೇಲಿನ ಸೂರಿನ ಚರಿತ್ರೆಯನ್ನು ಹೇಳಹೊರಟಿದ್ದೇವೆ. ಸೂರೆಂದರೂ ಸೂರಲ್ಲ, ಅದರ ಕೆಳಗೆ ನಾವು ಉಸಿರಾಡುವ ಗಾಳಿಯ ಚರಿತ್ರೆ. ಇದೇನು ರಾಜ್ಯೋತ್ಸವಕ್ಕೆ ತಕ್ಕ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಕಡೆಯವರೆಗೆ ಓದಿ ಆಮೇಲೆ ಬೈಯಬೇಕೆಂದು ಅವರಲ್ಲಿ ನಮ್ಮ ವಿನಂತಿ.

ಊರು ಬಿಟ್ಟು ಬಂದ ನಮ್ಮವರಿಗೆ ಮುಂಬಯಿ ಮೊದಲು ಕೊಟ್ಟದ್ದು ಕೆಲಸ. ಆಮೇಲೆ ಕೊಟ್ಟದ್ದು ಹತ್ತಡಿ ಉದ್ದ ಹತ್ತಡಿ ಅಗಲದ ಒಂದು ಖೋಲಿ. ಅದೂ ಎಲ್ಲರಿಗೂ ದೊರೆಯಲಿಲ್ಲ. ಹೋಟೆಲುಗಳಲ್ಲಿ ದುಡಿದ ಹಿರಿಯರು ರಾತ್ರಿ ಮೇಜುಗಳನ್ನು ಜೋಡಿಸಿ ಅದರ ಮೇಲೆಯೋ, ಅಡಿಗೆಮನೆಯ ಮೇಲಣ ಅಟ್ಟದಲ್ಲಿಯೋ ಮೈಚಾಚಿದರು. ಕೆಳಗೆ ಆರದ ಒಲೆಯ ಕಾವು, ಮೇಲೆ ತಗಡಿನ ಕಾವು. ರಾತ್ರಿಶಾಲೆ ಮುಗಿಸಿ ಬಂದ ಹುಡುಗ ಅಲ್ಲಿಯೇ ಪುಸ್ತಕ ತೆರೆದು ಎರಡು ಪುಟ ಓದುವಷ್ಟರಲ್ಲಿ ತಲೆ ಭಾರವಾಗಿ ಒರಗುತ್ತಿದ್ದ. ದಿನವಿಡೀ ದುಡಿದ ದಣಿವೆಂದು ಎಲ್ಲರೂ ತಿಳಿದರು. ದಣಿವು ಹೌದು, ಆದರೆ ಕಿಟಕಿಯಿಲ್ಲದ ಆ ಅಟ್ಟದಲ್ಲಿ ಹತ್ತು ಜನ ಉಸಿರಾಡಿದ ಗಾಳಿಯೂ ಅವನನ್ನು ಒರಗಿಸುತ್ತಿತ್ತೆಂಬುದು ಯಾರ ಗಮನಕ್ಕೂ ಬಂದಿರಲಾರದು.

ಅವರು ಬಿಟ್ಟು ಬಂದ ಮನೆಗಳು ಅರಮನೆಗಳೇನಲ್ಲ. ಆದರೂ ಗಾಳಿಯ ವಿಷಯದಲ್ಲಿ ನಮ್ಮ ಹಳ್ಳಿಯ ಬಡಗಿಗೆ ಒಂದು ತಿಳಿವಳಿಕೆ ಇತ್ತು. ಹಳೇ ಮೈಸೂರು ಕಡೆಯ ತೊಟ್ಟಿಮನೆಯಲ್ಲಿ ನಡುವಣ ಬಯಲು ಬಿಸಿಗಾಳಿಯನ್ನು ಮೇಲಕ್ಕೆ ಬಿಟ್ಟುಕೊಡುತ್ತಿತ್ತು. ಉತ್ತರ ಕರ್ನಾಟಕದ ಮಾಳಿಗೆ ಮನೆಗೆ ದಪ್ಪ ಗೋಡೆ, ಮೇಲೆ ಬೆಳಕಿಂಡಿ. ಬಿಸಿಲು ಒಳಗೆ ಬಾರದು, ಹೊಗೆ ಒಳಗೆ ನಿಲ್ಲದು. ಕರಾವಳಿಯ ಕಥೆ ಬೇರೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಆ ಹಂಚು ಹಡಗನ್ನೇರಿ ಮುಂಬಯಿಗೂ ಬಂತು. ಹಂಚಿಗೂ ಹಂಚಿಗೂ ನಡುವಣ ಸಂದಿನಲ್ಲಿ ಗಾಳಿ ಆಡುತ್ತದೆ; ಮಳೆ ಮಾತ್ರ ಇಳಿಯುವುದಿಲ್ಲ. ನಾವು ಬರುವುದಕ್ಕೆ ಮೊದಲೇ ನಮ್ಮ ಊರಿನ ಹಂಚು ಇಲ್ಲಿಗೆ ಬಂದು ಕುಳಿತಿತ್ತೆಂದು ಹೇಳಿಕೊಳ್ಳಲು ನಮಗೆ ಸಂತೋಷವೇ.

ಇನ್ನು ಕಥೆಗೆ ಬರೋಣ. 1896ನೆಯ ಇಸವಿಯ ಸೆಪ್ಟೆಂಬರ್ ತಿಂಗಳು. ಮಾಂಡವಿ ಬಂದರದ ಹತ್ತಿರದ ಓಣಿಗಳಲ್ಲಿ ಜನ ಜ್ವರ ಬಂದು, ತೊಡೆಸಂದಿಯಲ್ಲಿ ಗಡ್ಡೆ ಎದ್ದು ಸಾಯತೊಡಗಿದರು. ಅಲ್ಲಿ ವೈದ್ಯ ನಡೆಸುತ್ತಿದ್ದ ಡಾಕ್ಟರ್ ಅಕಾಸಿಯೊ ಗಾಬ್ರಿಯೆಲ್ ವಿಯೆಗಸ್ ಇದು ಪ್ಲೇಗು ಎಂದು ಧೈರ್ಯವಾಗಿ ಹೇಳಿದರು. ಮೊದಲು ಹಲವರು ನಂಬಲಿಲ್ಲ. ನಂಬುವ ಹೊತ್ತಿಗೆ ಊರು ಬರಿದಾಗಲು ಹತ್ತಿತ್ತು. ಮುಂದಿನ ಕೆಲವೇ ತಿಂಗಳುಗಳಲ್ಲಿ ಲಕ್ಷಾಂತರ ಜನ ರೈಲು ಹತ್ತಿ, ಹಡಗು ಹತ್ತಿ, ಕಾಲ್ನಡಿಗೆಯಲ್ಲಿ ಓಡಿದರು. ಓಡಿದವರ ಜೊತೆಗೆ ರೋಗವೂ ಓಡಿತು. 1898ರಲ್ಲಿ ಬೆಂಗಳೂರಿಗೂ ಬಂತು. ಮಲ್ಲೇಶ್ವರ, ಬಸವನಗುಡಿಗಳೆಂಬ ಅಗಲ ಬೀದಿಯ ಬಡಾವಣೆಗಳು ಹಳೆಯ ಪೇಟೆಯ ಇಕ್ಕಟ್ಟಿಗೆ ಉತ್ತರವಾಗಿ ಬೆಳೆದದ್ದು ಆ ಕಾಲದಲ್ಲಿಯೇ.

ಪ್ಲೇಗು ಹೇಗೆ ಹರಡುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕೆಟ್ಟ ಗಾಳಿ, ಕತ್ತಲೆ, ಹೊಲಸು ಇವೇ ಕಾರಣವೆಂದು ಅಧಿಕಾರಿಗಳು ನಂಬಿದ್ದರು. 1897ರಲ್ಲಿ ಜನರಲ್ ಗ್ಯಾಟೇಕರನ ಮುಂದಾಳುತನದಲ್ಲಿ ಪ್ಲೇಗು ಸಮಿತಿ ಏರ್ಪಟ್ಟಿತು. ಸಿಪಾಯಿಗಳು ಮನೆಮನೆ ಹೊಕ್ಕು ಸುಣ್ಣ ಬಳಿದರು, ಮೋರಿಗಳಿಗೆ ಕಾರ್ಬಾಲಿಕ್ ಸುರಿದರು, ಸೂರಿನ ಹಂಚು ತೆಗೆದು ಬಿಸಿಲು ಬೀಳಿಸಿದರು, ಗೋಡೆಗಳಿಗೆ ತೂತು ಕೊರೆದರು. ಮನುಷ್ಯವಾಸಕ್ಕೆ ಯೋಗ್ಯವಲ್ಲವೆಂದು ಕಂಡ ಮನೆಗಳ ಮೇಲೆ ಇಂಗ್ಲಿಷಿನ ಮೂರು ಅಕ್ಷರಗಳನ್ನು ಬರೆದರು: ಯು, ಎಚ್, ಎಚ್. ಆ ಅಕ್ಷರ ಬಿದ್ದ ಮನೆಯವರು ಬೀದಿಪಾಲಾದರು. ಬಡವರ ಅಡಿಗೆಮನೆಗೆ ಬೂಟುಗಾಲಿನಲ್ಲಿ ನುಗ್ಗಿದ ಈ ಕ್ರಮವನ್ನು ನಾವು ಹೊಗಳಲಾರೆವು. ಜನ ರೊಚ್ಚಿಗೆದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಲ್ಲಿಯೇ ಒಂದು ವಿಚಿತ್ರವಿದೆ. ಪ್ಲೇಗು ಹರಡಿದ್ದು ಗಾಳಿಯಿಂದಲ್ಲ, ಇಲಿಯ ಮೈಮೇಲಿನ ಚಿಗಟದಿಂದ. ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ 1898ರಲ್ಲಿ ಇದನ್ನು ತೋರಿಸಿಕೊಟ್ಟ. ಉಳಿದವರು ಒಪ್ಪಲು ಇನ್ನೂ ಎಂಟು ಹತ್ತು ವರ್ಷ ಬೇಕಾಯಿತು. ಅಂದರೆ ಗೋಡೆಗೆ ಕೊರೆದ ಆ ತೂತುಗಳಿಂದ ಪ್ಲೇಗಿಗೆ ಹೆಚ್ಚೇನೂ ತಡೆಯಾಗಲಿಲ್ಲ. ಆದರೆ ಅದೇ ಕತ್ತಲೆಯ ಖೋಲಿಗಳಲ್ಲಿ ಸದ್ದಿಲ್ಲದೆ ಜನರನ್ನು ತಿನ್ನುತ್ತಿದ್ದ ಇನ್ನೊಂದು ರೋಗವಿತ್ತು, ಕ್ಷಯ. ಅದು ನಿಜವಾಗಿಯೂ ಗಾಳಿಯಿಂದ ಹರಡತಕ್ಕದ್ದು, ಬಿಸಿಲಿಗೆ ಸಾಯತಕ್ಕದ್ದು. ತಪ್ಪು ಕಾರಣವನ್ನು ನಂಬಿ ಸರಿಯಾದ ಕೆಲಸವನ್ನು ಕೈಗೆತ್ತಿಕೊಂಡರೆಂದು ಹೇಳಬೇಕು. ಚರಿತ್ರೆಯಲ್ಲಿ ಹೀಗೆ ಆಗುವುದುಂಟು.

1898ರಲ್ಲಿ ಕಾನೂನು ಬಂದು ಮುಂಬಯಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಇಕ್ಕಟ್ಟಿನ ವಸತಿಗಳನ್ನು ಸೀಳಿ ಸ್ಯಾಂಡ್‌ಹರ್ಸ್ಟ್ ರಸ್ತೆ, ಪ್ರಿನ್ಸೆಸ್ ಸ್ಟ್ರೀಟ್‌ಗಳನ್ನು ತೆರೆದರು. ಪಡುವಣ ಕಡಲಗಾಳಿ ಊರಿನ ಹೊಟ್ಟೆಯೊಳಕ್ಕೆ ಹೋಗಲೆಂಬುದು ಒಂದು ಉದ್ದೇಶ. ಉತ್ತರಕ್ಕೆ ದಾದರ, ಮಾಟುಂಗಗಳ ಬಯಲಿನಲ್ಲಿ ಹೊಸ ಬಡಾವಣೆಗಳನ್ನು ಹಾಕಿದರು. ಇಂದು ಆ ಬೀದಿಗಳಲ್ಲಿ ತಿರುಗಾಡುವಾಗ, ಮರಗಳ ನಡುವೆ ಬಿಡಿಬಿಡಿಯಾಗಿ ನಿಂತ ಮೂರಂತಸ್ತಿನ ಹಳೆಯ ಮನೆಗಳನ್ನು ನೋಡುವಾಗ, ಇದು ತಾನಾಗಿ ಆದ ಚಂದವೆಂದು ತಿಳಿಯಬಾರದು. ಅದರ ಹಿಂದೆ ಒಂದು ಲೆಕ್ಕವಿದೆ.

ಲೆಕ್ಕದ ಹಿಂದಿನ ಮನುಷ್ಯ ಟ್ರಸ್ಟಿನ ಅಧ್ಯಕ್ಷನಾಗಿದ್ದ ಜೆ. ಪಿ. ಆರ್. 1912ರಲ್ಲಿ ಮುಂಬಯಿಯ ಮನೆಗಳ ಗಾಳಿ ಬೆಳಕುಗಳ ಮೇಲೆ ಅವನು ಉಪನ್ಯಾಸ ಕೊಟ್ಟ. ಅವನು ಹಿಡಿದ ಹಟ ಒಂದೇ, ಅರವತ್ತಮೂರೂವರೆ ಡಿಗ್ರಿ. ಕೆಳಗಿನ ಅಂತಸ್ತಿನ ಕಿಟಕಿಯ ಬುಡದಿಂದ ಎದುರಿನ ಕಟ್ಟಡದ ನೆತ್ತಿಗೆ ಒಂದು ದಾರ ಹಿಡಿಯಿರಿ. ಆ ದಾರ ನೆಲದೊಡನೆ ಮಾಡುವ ಕೋನ 63½ ಡಿಗ್ರಿಯನ್ನು ಮೀರಬಾರದು. ಗಣಿತ ಮರೆತವರಿಗೆ ಸುಲಭವಾಗಿ ಹೇಳುವುದಾದರೆ, ಎದುರಿನ ಕಟ್ಟಡದ ಎತ್ತರ ನಲವತ್ತು ಅಡಿಯಾದರೆ ನಡುವೆ ಇಪ್ಪತ್ತು ಅಡಿ ಬಯಲಿರಬೇಕು. ಎತ್ತರದ ಅರ್ಧದಷ್ಟು ಆಕಾಶ ಬಡವನ ಕಿಟಕಿಗೂ ಬೇಕು. ಇದಕ್ಕೆ ವಿದ್ಯುತ್ತು ಬೇಡ, ಯಂತ್ರ ಬೇಡ, ಕೈಯಲ್ಲೊಂದು ದಾರ ಸಾಕು. ಈ ನಗರದಲ್ಲಿ ಆರೋಗ್ಯಕ್ಕಾಗಿ ಕಂಡುಹಿಡಿದ ಯುಕ್ತಿಗಳಲ್ಲಿ ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ಇದೇ ಕಾಲದಲ್ಲಿ ನಮ್ಮ ಕಡೆಯವರೊಬ್ಬರು ಇನ್ನೊಂದು ದಾರಿಯನ್ನು ಹಿಡಿದರು. ಕೆನರಾದ ಸಾರಸ್ವತ ಸಮಾಜದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘವನ್ನು ಕಟ್ಟಿದರು. ದೇಶದ ಮೊತ್ತಮೊದಲ ಸಹಕಾರಿ ವಸತಿ ಸಂಘಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. ಬಾಡಿಗೆಯ ಮನೆಯ ಕಿಟಕಿ ಎಲ್ಲಿರಬೇಕೆಂಬುದನ್ನು ಮಾಲೀಕ ನಿಶ್ಚಯಿಸುತ್ತಾನೆ. ಸಹಕಾರಿ ಮನೆಯ ಕಿಟಕಿಯನ್ನು ಅದರಲ್ಲಿ ವಾಸಿಸುವವನೇ ನಿಶ್ಚಯಿಸಬಹುದು. ತಲ್ಮಕಿಯವರ ಕೆಲಸ ನಮಗೆ ಮುಖ್ಯವಾಗಿ ತೋರುವುದು ಇದರಿಂದ.

ಗಿರಣಿಯ ಕೂಲಿಗಳಿಗಾಗಿ ಸರಕಾರವೇ 1920ರಲ್ಲಿ ಒಂದು ಇಲಾಖೆಯನ್ನು ತೆರೆಯಿತು. ಬಿ.ಡಿ.ಡಿ. ಚಾಳುಗಳೆಂದು ನಾವು ಇಂದಿಗೂ ಹೇಳುವುದು ಅದರ ಮನೆಗಳನ್ನೇ. ವರಳಿ, ನಾಯಗಾಂವ್, ಡಿಲೈಲ್ ರಸ್ತೆ, ಶಿವಡಿಗಳಲ್ಲಿ ಒಟ್ಟು 207 ಕಟ್ಟಡಗಳು. ಒಂದೊಂದು ಕಟ್ಟಡಕ್ಕೆ 80 ಖೋಲಿ. ಒಂದೊಂದು ಖೋಲಿ 160 ಚದರಡಿ. ಗಟ್ಟಿ ಕಾಂಕ್ರೀಟು. ಗಟ್ಟಿಯೇನೋ ಹೌದು, ಆದರೆ ಖೋಲಿಯೊಳಗೆ ಮೋರಿಯಿಲ್ಲ, ಬಾಡಿಗೆ ಹೆಚ್ಚು, ಗಿರಣಿ ದೂರ ಎಂದು ಮೊದಲು ಬಹಳಷ್ಟು ಖೋಲಿಗಳು ಖಾಲಿ ಬಿದ್ದಿದ್ದವು. 1930ರ ಸತ್ಯಾಗ್ರಹದ ಕಾಲದಲ್ಲಿ ವರಳಿಯ ಕೆಲವು ಚಾಳುಗಳನ್ನು ಸೆರೆಮನೆಯಾಗಿಯೂ ಬಳಸಿದರು. ಕಟ್ಟುವಾಗ ವಾಸಿಸುವವರನ್ನು ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಇತ್ತ ಮನೆಗೆ ಗಾಳಿ ಬೇಕೆಂದು ಜಗಳವಾಗುತ್ತಿದ್ದಾಗ, ಅತ್ತ ಗಿರಣಿಯೊಳಗೆ ಗಾಳಿಯ ಸೇವೆ ಬೇರೆಯೇ ರೀತಿಯಲ್ಲಿ ನಡೆದಿತ್ತು. ಹತ್ತಿಯ ನೂಲು ಒಣಗಾಳಿಯಲ್ಲಿ ಕಡಿಯುತ್ತದೆ, ತೇವವಿದ್ದರೆ ಕಡಿಯದು. ಆದ್ದರಿಂದ ಗಿರಣಿಗಳಲ್ಲಿ ನೇಯ್ಗೆಯ ಶಾಲೆಗೆ ಉಗಿ ಬಿಡುತ್ತಿದ್ದರು. ನೂಲಿಗೆ ಹಿತವಾದುದು ಕೂಲಿಗೆ ಹಿತವಾಗಲಿಲ್ಲ. ಆ ಸೆಕೆಯಲ್ಲಿ ಹತ್ತು ಗಂಟೆ ನಿಂತು ಬಂದವನು ಕಿಟಕಿಯಿಲ್ಲದ ಖೋಲಿಯಲ್ಲಿ ಮಲಗಬೇಕು. ಅಮೆರಿಕದ ಹತ್ತಿಗಿರಣಿಗಳ ಇಂಜಿನಿಯರ್ ಸ್ಟುವರ್ಟ್ ಕ್ರೇಮರ್ ಎಂಬವನು 1906ರಲ್ಲಿ ಈ ತೇವಗೊಳಿಸುವ ಕೆಲಸಕ್ಕೆಂದೇ ಒಂದು ಹೊಸ ಹೆಸರನ್ನು ಹುಟ್ಟಿಸಿದ. ಏರ್ ಕಂಡಿಶನಿಂಗ್ ಎಂಬ ಮಾತು ಮೊದಲು ಹುಟ್ಟಿದ್ದು ಮನುಷ್ಯನ ಸುಖಕ್ಕಲ್ಲ, ನೂಲಿನ ಸುಖಕ್ಕೆ! ಅದಕ್ಕೂ ನಾಲ್ಕು ವರ್ಷ ಮುಂಚೆ, 1902ರಲ್ಲಿ, ವಿಲಿಸ್ ಕ್ಯಾರಿಯರ್ ಎಂಬ ತರುಣನು ಬ್ರೂಕ್ಲಿನ್ನಿನ ಮುದ್ರಣಾಲಯಕ್ಕೆ ಗಾಳಿಯ ತೇವವನ್ನು ಹಿಡಿತದಲ್ಲಿಡುವ ಯಂತ್ರವನ್ನು ಯೋಜಿಸಿದ್ದ. ಅಲ್ಲಿಯೂ ಕಾಳಜಿ ಕಾಗದದ್ದೇ. ತೇವಕ್ಕೆ ಕಾಗದ ಹಿಗ್ಗಿ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಮುಂಬಯಿಯ ಸಾಮಾನ್ಯನಿಗೆ ಯಂತ್ರದ ತಂಪು ಸಿಕ್ಕಿದ್ದು 1933ರಲ್ಲಿ ಕೊಲಾಬಾದ ಹತ್ತಿರ ರೀಗಲ್ ಚಿತ್ರಮಂದಿರ ತೆರೆದಂಥ ಸಂದರ್ಭಗಳಲ್ಲಿ, ಅದೂ ಟಿಕೆಟು ಕೊಂಡು ಕುಳಿತಷ್ಟು ಹೊತ್ತು ಮಾತ್ರ.

ಜನರಿಗೆ ಎಷ್ಟು ಗಾಳಿ ಬೇಕೆಂಬುದನ್ನು ಅಳೆಯಹೊರಟವನು ಇವರೆಲ್ಲರಿಗಿಂತ ಹಿರಿಯ, ಮ್ಯೂನಿಕ್ಕಿನ ಮಾಕ್ಸ್ ಪೆಟ್ಟೆನ್‌ಕೋಫರ್. ವಿಚಿತ್ರ ಮನುಷ್ಯ, ಕಾಲರಾಕ್ಕೆ ಕ್ರಿಮಿಯೊಂದೇ ಕಾರಣವಲ್ಲವೆಂದು ಸಾಧಿಸಲು 1892ರಲ್ಲಿ ಕಾಲರಾ ಕ್ರಿಮಿಯಿದ್ದ ದ್ರವವನ್ನೇ ಕುಡಿದು ಬದುಕಿದವನು. ಆ ಮಾತಿನಲ್ಲಿ ಸೋತ. ಗಾಳಿಯ ಮಾತಿನಲ್ಲಿ ಗೆದ್ದ. ನಾವು ಬಿಡುವ ಉಸಿರಿನಲ್ಲಿ ಇಂಗಾಲಾಮ್ಲ ವಾಯು ಇರುತ್ತದಷ್ಟೆ. ಅದು ಅಷ್ಟು ಪ್ರಮಾಣದಲ್ಲಿ ವಿಷವಲ್ಲ. ಆದರೆ ಕೋಣೆಯಲ್ಲಿ ಅದು ಎಷ್ಟು ಸೇರಿದೆಯೆಂದು ಅಳೆದರೆ, ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಷ್ಟರಮಟ್ಟಿಗೆ ಸೇದುತ್ತಿದ್ದಾರೆಂಬುದು ತಿಳಿಯುತ್ತದೆ. ಸಾವಿರ ಪಾಲು ಗಾಳಿಯಲ್ಲಿ ಒಂದು ಪಾಲನ್ನು ಅದು ಮೀರಬಾರದೆಂದು 1858ರಲ್ಲಿ ಅವನು ಗೆರೆ ಹಾಕಿದ. ಇಂದಿನ ಯಂತ್ರಗಳ ಭಾಷೆಯಲ್ಲಿ ಇದೇ ಹತ್ತು ಲಕ್ಷಕ್ಕೆ ಸಾವಿರ. ನೂರಅರವತ್ತು ವರ್ಷಗಳ ಮೇಲೂ ಆ ಗೆರೆ ಬಹುಮಟ್ಟಿಗೆ ಅಲ್ಲಿಯೇ ಇದೆ.

ಬುದ್ಧಿವಂತ ಕಟ್ಟಡವೆಂದು ಈಗ ಜಾಹೀರಾತುಗಳಲ್ಲಿ ಓದುತ್ತೇವಲ್ಲ, ಅದರ ಮೂಲವೂ ಹಳೆಯದೇ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ವಾರೆನ್ ಜಾನ್ಸನ್ ಎಂಬ ಉಪಾಧ್ಯಾಯನಿದ್ದ. ಪಾಠ ನಡೆಯುತ್ತಿರುವಾಗ ಶಾಲೆಯ ಜವಾನ ಕೋಣೆಯೊಳಗೆ ಬಂದು ಥರ್ಮಾಮೀಟರ್ ನೋಡಿ, ಕೆಳಗಿಳಿದು ಹೋಗಿ ಒಲೆಯ ಬಾಯನ್ನು ತೆರೆಯಬೇಕು ಇಲ್ಲವೆ ಮುಚ್ಚಬೇಕು. ಪಾಠಕ್ಕೆ ಅಡ್ಡಿ. ಬೇಸತ್ತ ಉಪಾಧ್ಯಾಯ ಕೋಣೆಯ ಉಷ್ಣತೆಯನ್ನು ತಾನೇ ತಿಳಿದು ಗಂಟೆ ಬಾರಿಸಿ ಜವಾನನಿಗೆ ಸುದ್ದಿ ಮುಟ್ಟಿಸುವ ವಿದ್ಯುತ್ ಸಾಧನವನ್ನು ಮಾಡಿದ. 1883ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಗೋಡೆಗೆ ಒಂದು ಇಂದ್ರಿಯ ಬಂದದ್ದು ಹೀಗೆ. ಈಗಿನ ಗೋಡೆಗೆ ಹಲವು ಇಂದ್ರಿಯಗಳು: ಶಾಖಕ್ಕೊಂದು, ತೇವಕ್ಕೊಂದು, ಸೂಕ್ಷ್ಮ ಧೂಳಿಗೊಂದು, ಪೆಟ್ಟೆನ್‌ಕೋಫರನ ವಾಯುವಿಗೊಂದು. ಕೊನೆಯದರ ಒಳಗೆ ಪುಟ್ಟ ದೀಪವೊಂದು ಅವಕೆಂಪು ಕಿರಣವನ್ನು ಬಿಡುತ್ತದೆ. ಇಂಗಾಲಾಮ್ಲ ಹೆಚ್ಚಿದಷ್ಟೂ ಆ ಕಿರಣವನ್ನು ಅದು ನುಂಗುತ್ತದೆ. ಆಚೆಗೆ ತಲಪಿದ ಕಿರಣ ಎಷ್ಟೆಂದು ನೋಡಿ ಅಂಕಿಯನ್ನು ಹೇಳುತ್ತದೆ. ಅಂಕಿ ಏರಿದರೆ ಪಂಕಕ್ಕೆ ಅಪ್ಪಣೆ ಹೋಗುತ್ತದೆ, ಹೊರಗಾಳಿ ಸೋಸಿಕೊಂಡು ಒಳಗೆ ಬರುತ್ತದೆ. ಜನ ಎದ್ದು ಹೋದರೆ ಪಂಕ ನಿಧಾನವಾಗುತ್ತದೆ, ವಿದ್ಯುತ್ತು ಉಳಿಯುತ್ತದೆ.

ಯಂತ್ರವನ್ನು ನಂಬಿ ಕೆಟ್ಟದ್ದೂ ಉಂಟು. 1973ರ ಎಣ್ಣೆಯ ಬಿಕ್ಕಟ್ಟಿನ ತರುವಾಯ ಪಶ್ಚಿಮದ ದೇಶಗಳಲ್ಲಿ ಇಂಧನ ಉಳಿಸಲೆಂದು ಕಚೇರಿಗಳ ಕಿಟಕಿಗಳನ್ನು ಬಿಗಿದರು, ಹೊರಗಾಳಿಯ ಪ್ರಮಾಣವನ್ನು ಇಳಿಸಿದರು. ಜನರಿಗೆ ತಲೆನೋವು, ಕಣ್ಣುರಿ, ಮಂಪರು. ಮನೆಗೆ ಹೋದರೆ ಎಲ್ಲವೂ ವಾಸಿ! ರೋಗ ಇರುವುದು ಮನುಷ್ಯನಿಗಲ್ಲ, ಕಟ್ಟಡಕ್ಕೆ ಎಂದು ವೈದ್ಯರು ಹೇಳಬೇಕಾಯಿತು. 1976ರಲ್ಲಿ ಫಿಲಡೆಲ್ಫಿಯದ ಹೋಟೆಲೊಂದರಲ್ಲಿ ನಡೆದ ಸಮ್ಮೇಳನಕ್ಕೆ ಸಂಬಂಧಿಸಿ 29 ಮಂದಿ ಹೊಸ ಬಗೆಯ ನ್ಯುಮೋನಿಯದಿಂದ ತೀರಿಕೊಂಡರು. ತಂಪುಯಂತ್ರದ ನೀರಿನಂಥ ಕಡೆ ಬೆಳೆಯಬಲ್ಲ ಒಂದು ಹೊಸ ಕ್ರಿಮಿ ಆಗ ಬೆಳಕಿಗೆ ಬಂತು.

ನಮ್ಮ ದೇಶದಲ್ಲಿ ಇದನ್ನೆಲ್ಲ ಕಂಡುಕೊಂಡು ನಡುದಾರಿ ಹಿಡಿದವರಿದ್ದಾರೆ. ಹೈದರಾಬಾದಿನ ನಮ್ಮ ಬಂಧುಗಳು ಅಲ್ಲಿನ ಸೊಹ್ರಾಬ್ಜಿ ಗೋದ್ರೆಜ್ ಹಸಿರು ಕೇಂದ್ರವನ್ನು ನೋಡಿರಬಹುದು. 2004ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ಉದ್ಘಾಟಿಸಿದರು. ಅದರಲ್ಲಿ ಅಳೆಯುವ ಯಂತ್ರಗಳೂ ಇವೆ, ಗಾಳಿಗೋಪುರಗಳೂ ಜಾಲಂದ್ರಗಳೂ ನಡುವೆ ಬಯಲೂ ಇವೆ. ನಮ್ಮ ತೊಟ್ಟಿಮನೆಯ ದೂರದ ನೆಂಟನೆಂದು ನಾವು ಹೇಳಿದರೆ ಅದರ ಶಿಲ್ಪಿಗಳು ಸಿಟ್ಟಾಗಲಾರರು. 2020ರ ಜನವರಿಯಿಂದ ನಮ್ಮಲ್ಲಿ ಮಾರುವ ಕೋಣೆಯ ಹವಾಯಂತ್ರಗಳು ತಾವಾಗಿ 24 ಡಿಗ್ರಿಯಲ್ಲಿ ಆರಂಭವಾಗಬೇಕೆಂದೂ ನಿಯಮವಾಯಿತು. ಆ ವರ್ಷವೇ ಕೊರೋನಾ ಬಂದು, ಕಿಟಕಿ ತೆರೆಯಿರೆಂದು ಜಗತ್ತೆಲ್ಲ ಕೂಗಿದ್ದು ಓದುಗರಿಗೆ ನೆನಪಿದೆ.

ಆದರೆ ಮುಂಬಯಿಗೆ ನೆನಪಿನ ಶಕ್ತಿ ಕಡಿಮೆ. ಗುಡಿಸಲವಾಸಿಗಳಿಗೆಂದು ಚೆಂಬೂರು, ಗೋವಂಡಿ, ಮಾನಖುರ್ದ್ ಭಾಗಗಳಲ್ಲಿ ಏಳೆಂಟು ಅಂತಸ್ತಿನ ಕಟ್ಟಡಗಳನ್ನು ಕಟ್ಟಿದರು. ಕೆಲವೆಡೆ ಕಟ್ಟಡಕ್ಕೂ ಕಟ್ಟಡಕ್ಕೂ ನಡುವೆ ಮೂರೇ ಮೀಟರ್. ಎತ್ತರವನ್ನು 22 ಮೀಟರೆಂದು ಹಿಡಿದರೆ ಆರ್‌ನ ದಾರದ ಲೆಕ್ಕದಲ್ಲಿ ಅಲ್ಲಿ 11 ಮೀಟರ್ ಬಯಲಿರಬೇಕಾಗಿತ್ತು. ಇಂಥ ವಸತಿಗಳಲ್ಲಿ ವೈದ್ಯರೂ ಐ.ಐ.ಟಿ. ಯವರೂ ಸೇರಿ ನಡೆಸಿದ ಅಧ್ಯಯನವೊಂದು 2018ರಲ್ಲಿ ಹೊರಬಂತು. ಬಿಸಿಲು ಕಾಣದ ಕೆಳಗಿನ ಅಂತಸ್ತುಗಳಲ್ಲಿ ಕ್ಷಯ ಹೆಚ್ಚು; ಕಟ್ಟಡಗಳ ನಡುವೆ ಅಂತರವಿಟ್ಟ ಪಕ್ಕದ ವಸತಿಯಲ್ಲಿ ಕಡಿಮೆ. 1912ರಲ್ಲಿ ತಿಳಿದಿದ್ದುದನ್ನು ನೂರು ವರ್ಷದ ಮೇಲೆ ರೋಗಿಗಳನ್ನು ಎಣಿಸಿ ಮತ್ತೆ ತಿಳಿಯಬೇಕಾಯಿತು. ಇದನ್ನು ಬರೆಯುವಾಗ ನಮ್ಮ ಕೈ ಸ್ವಲ್ಪ ನಡುಗಿತೆಂದು ಒಪ್ಪಿಕೊಳ್ಳುತ್ತೇವೆ. ಆ ಅಟ್ಟದಲ್ಲಿ ಓದುತ್ತಿದ್ದ ಹುಡುಗರಲ್ಲಿ ಕೆಮ್ಮುತ್ತ ಊರಿಗೆ ಹಿಂತಿರುಗಿದವರನ್ನು ನಾವು ಬಲ್ಲೆವು.

ಕಳೆದ ವರ್ಷ ಒಂದು ಸಭಾಂಗಣದಲ್ಲಿ ನಮ್ಮ ಸಮಾರಂಭ ನಡೆಯಿತು. ಹವಾಯಂತ್ರಗಳು ಓಡುತ್ತಿದ್ದವು, ಕಿಟಕಿಗಳೆಲ್ಲ ಬಂದ್. ಅಧ್ಯಕ್ಷ ಭಾಷಣದ ಹೊತ್ತಿಗೆ ಅರ್ಧ ಸಭೆ ತೂಗುತ್ತಿತ್ತು. ಪಾಪ, ಭಾಷಣ ಚೆನ್ನಾಗಿಯೇ ಇತ್ತು. ನಮ್ಮ ಸದಸ್ಯರೊಬ್ಬರ ಮಗ, ಇಂಜಿನಿಯರ್ ಹುಡುಗ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಮಾಪಕವನ್ನು ಕಿಸೆಯಿಂದ ತೆಗೆದು ತೋರಿಸಿದ. ಪ್ರಾರ್ಥನೆಯ ವೇಳೆಗೆ ಏಳುನೂರು ಇದ್ದ ಅಂಕಿ ಈಗ ಎರಡು ಸಾವಿರವನ್ನು ದಾಟಿತ್ತು. ಗೋಡೆಗೆ ಹಾಕಿದ ಹವಾಯಂತ್ರ ಒಳಗಿನ ಗಾಳಿಯನ್ನೇ ತಿರುತಿರುಗಿ ತಣಿಸುತ್ತದೆ, ಹೊಸಗಾಳಿಯನ್ನು ತರುವುದಿಲ್ಲವೆಂಬುದು ನಮ್ಮಲ್ಲಿ ಅನೇಕರಿಗೆ ಅಂದೇ ತಿಳಿದದ್ದು. ಹಿಂದಿನ ಎರಡು ಬಾಗಿಲುಗಳನ್ನು ತೆರೆಸಿದೆವು. ನೃತ್ಯದ ಹೊತ್ತಿಗೆ ಅಂಕಿ ಒಂಬೈನೂರಕ್ಕೆ ಇಳಿದಿತ್ತು. ಸಭೆಯೂ ಎದ್ದು ಕುಳಿತಿತ್ತು, ಅದರಲ್ಲಿ ನೃತ್ಯದ ಪಾಲೆಷ್ಟು ಗಾಳಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಈ ಮಾತುಗಳನ್ನು ಈಗ ಬರೆಯಲು ಕಾರಣವಿಲ್ಲದಿಲ್ಲ. ನಮ್ಮವರು ಇರುವ ಹಳೆಯ ಚಾಳುಗಳೂ ಸೊಸಾಯಿಟಿಗಳೂ ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಹೋಗುತ್ತಿವೆ. ವರಳಿಯ ಬಿ.ಡಿ.ಡಿ. ಚಾಳಿನ ಮೊದಲ ಕುಟುಂಬಗಳಿಗೆ 2025ರಲ್ಲಿ 500 ಚದರಡಿಯ ಹೊಸ ಮನೆಗಳ ಬೀಗದ ಕೈ ಸಿಕ್ಕಿತು. ಇಂಥ ಸಭೆಗಳಲ್ಲಿ ನಾವು ಕೇಳುವುದೆಲ್ಲ ಎಷ್ಟು ಚದರಡಿ, ಎಷ್ಟು ಕಾರ್ಪಸ್, ಎಷ್ಟು ಲಿಫ್ಟು ಎಂದೇ. ನಾವು ವಾಸಿಸುವ ಚಾಳಿನ ಸಭೆಯಲ್ಲಿಯೂ ಹಾಗೆಯೇ ನಡೆಯುತ್ತಿತ್ತು. ಬಿಲ್ಡರನ ಕಡೆಯ ತರುಣ, ಅವನೂ ಕುಂದಾಪುರದ ಕಡೆಯವನೇ, ಗೋಡೆಯ ಮೇಲೆ ಚಿತ್ರಗಳನ್ನು ಮೂಡಿಸಿ, ದೂರದಿಂದಲೇ ದೀಪ ಹಚ್ಚುವ ಫೋನು, ತಾನಾಗಿ ತಣಿಯುವ ಮಲಗುವ ಕೋಣೆ ಎಂದು ವಿವರಿಸುತ್ತಿದ್ದ. ಹಿಂದಿನ ಸಾಲಿನಲ್ಲಿದ್ದ ಎಂಬತ್ತು ದಾಟಿದ ದೊಡ್ಡಮ್ಮ ಒಬ್ಬರು ಎದ್ದು ನಿಂತರು.

“ಮಗಾ, ಈ ಅಡಿಗೆಕೋಣೆಯ ಕಿಟಕಿ ತೆರೆದರೆ ಎದುರಿಗೆ ಏನುಂಟು?”

ತರುಣ ನಕ್ಷೆಯನ್ನು ದೊಡ್ಡದು ಮಾಡಿ ನೋಡಿದ. “ಡಕ್ಟ್ ಉಂಟು, ದೊಡ್ಡಮ್ಮ. ಪೈಪು ಹೋಗುವ ಜಾಗ.”

“ಅದರ ಆಚೆ?”

“ಆಚೆ ಬಿ ವಿಂಗಿನ ಗೋಡೆ.”

“ಎಷ್ಟು ದೂರ?”

ಅವನು ಕೂಡಲೇ ಉತ್ತರ ಕೊಡಲಿಲ್ಲ. ಅಳೆದು ಬರೆದುಕೊಡುತ್ತೇನೆಂದ. ಆ ಕಾಗದ ಬರುವವರೆಗೆ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕುವುದಿಲ್ಲವೆಂದು ಎರಡನೇ ಮಾಳಿಗೆಯ ಹೆಂಗಸರೆಲ್ಲ ಅಂದೇ ತೀರ್ಮಾನಿಸಿದರು; ಗಂಡಸರು ಆಮೇಲೆ ಒಪ್ಪಿದರು. ಕಾಗದ ಇನ್ನೂ ಬಂದಿಲ್ಲ. ಈ ನಡುವೆ ಆ ಇಂಜಿನಿಯರ್ ಹುಡುಗ ನಕ್ಷೆಯ ಪ್ರತಿಯ ಮೇಲೆ ಅಳತೆಗೋಲಿಟ್ಟು, 63½ ಡಿಗ್ರಿಯ ಗೆರೆಯೊಂದನ್ನು ಕೆಂಪು ಸೀಸದಲ್ಲಿ ಎಳೆದು ನಮ್ಮ ಕೈಗೆ ಕೊಟ್ಟಿದ್ದಾನೆ. ಬರುವ ಭಾನುವಾರದ ಸಭೆಗೆ ಅದನ್ನು ತೆಗೆದುಕೊಂಡು ಹೋಗುವವರಿದ್ದೇವೆ.